ಗಾಜು ದಾಟದ ವಾಸನೆ

ದಿನ 1, ಶನಿವಾರ: ಲಂಡನ್

ಬ್ರಿಟಿಷ್ ಮ್ಯೂಸಿಯಂನ ಈಜಿಪ್ಟ್ ಕೋಣೆಗಳಲ್ಲಿ ಜನ ಮಮ್ಮಿಗಳ ಸುತ್ತ ಮುಗಿಬಿದ್ದಿದ್ದರು. ಅಕ್ಕ ಮಾತ್ರ ಒಂದು ಮರದ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು. ತುತು ಎಂಬ ಹೆಂಗಸಿನ ಸಿಂಗಾರದ ಪೆಟ್ಟಿಗೆ ಅದು. ಮೂರು ಸಾವಿರ ವರ್ಷಕ್ಕೂ ಹಳೆಯದು. ಲೇಪದ ಕುಡಿಕೆಗಳು, ಕಾಡಿಗೆಯ ಕೊಳವೆ, ಬಣ್ಣ ಕಲಸುವ ಪುಟ್ಟ ತಟ್ಟೆ, ಒಂದು ಜೊತೆ ಚಪ್ಪಲಿ. ಸತ್ತ ಮೇಲೂ ಬೇಕಾಗುತ್ತದೆ ಎಂದು ಜೊತೆಗೇ ಹೂತಿದ್ದರು.

"ನಾನೂ ಈ ಪ್ರಯಾಣಕ್ಕೆ ಇಷ್ಟೇ ತಂದಿರೋದು ಕಣೇ," ಎಂದಳು.

ಸುಳ್ಳು. ಅವಳ ಸೂಟ್‌ಕೇಸ್ ಎಳೆದು ನನ್ನ ಭುಜ ಇನ್ನೂ ನೋಯುತ್ತಿತ್ತು.

ಅಕ್ಕ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನನಗೆ ಬಟ್ಟೆಯ ಹುಚ್ಚು. ಇಬ್ಬರ ಹುಚ್ಚೂ ಸೇರುವ ಜಾಗ ಬಣ್ಣ. ಹಾಗಾಗಿ ಏಳು ದಿನ, ಮೂರು ಊರು, ಉಡುವ ಬಣ್ಣ ಮತ್ತು ಬಳಿದುಕೊಳ್ಳುವ ಬಣ್ಣ, ಇಷ್ಟೇ ನಮ್ಮ ಕಾರ್ಯಕ್ರಮ. ಗಡಿಯಾರದ ಗೋಪುರವನ್ನೂ ಐಫೆಲ್ ಟವರನ್ನೂ ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು ಎಂದು ಮೊದಲೇ ಮಾತಾಗಿತ್ತು.

ಈಜಿಪ್ಟಿನ ಕಾಡಿಗೆಯಲ್ಲಿ ಮುಖ್ಯವಾಗಿ ಇದ್ದದ್ದು ಗೆಲೀನಾ ಎಂಬ ಸೀಸದ ಅದಿರು. ನುಣ್ಣಗೆ ಅರೆದು ಕೊಬ್ಬಿನಲ್ಲಿ ಕಲಸಿದರೆ ಮಿರಮಿರ ಮಿಂಚುವ ಕಪ್ಪು. ಅದಕ್ಕೂ ಹಿಂದೆ ಹಸಿರು ಜಾಸ್ತಿ ಚಾಲ್ತಿಯಲ್ಲಿತ್ತು. ಅದು ಮ್ಯಾಲಕೈಟ್ ಎಂಬ ತಾಮ್ರದ ಕಲ್ಲಿನ ಪುಡಿ. ಅರೆಯುವ ಕಲ್ಲಿನ ಹಲಗೆಗಳು ಪಕ್ಕದಲ್ಲೇ ಇವೆ. ಮೀನಿನ ಆಕಾರದ್ದು ಒಂದು, ಆಮೆಯದು ಒಂದು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕಣ್ಣಿಗೆ ತೀಡಿಕೊಳ್ಳುತ್ತಿದ್ದರು. ಹೆಂಗಸರ ಸಾಮಾನು ಎಂಬ ಬೇಲಿ ಆಮೇಲೆ ಬಂದದ್ದು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ದಕ್ಷಿಣ ಆಫ್ರಿಕದ ಬ್ಲಾಂಬೋಸ್ ಗುಹೆಗೇ ಹೋಗಬೇಕು. ಅಲ್ಲಿ ಕೆಮ್ಮಣ್ಣು ಅರೆದು ಚಿಪ್ಪಿನಲ್ಲಿ ಕಲಸಿಟ್ಟದ್ದು ಸಿಕ್ಕಿದೆ. ವಯಸ್ಸು ಸುಮಾರು 1 ಲಕ್ಷ ವರ್ಷ. ಮೈಗೆ ಬಳಿದರೋ, ತೊಗಲಿಗೆ ಬಳಿದರೋ, ಅಂತೂ ಬಳಿದಿದ್ದಾರೆ.

ಹೊರಡುವ ಮೊದಲು ಅಕ್ಕ ತುತುವಿನ ಪೆಟ್ಟಿಗೆಯ ಗಾಜಿಗೆ ಮೂಗು ಹಚ್ಚಿದಳು. ಕಾವಲಿನವನು ನಮ್ಮ ಕಡೆ ನೋಡಿದ. "ಏನಕ್ಕಾ ಇದು?" ಎಂದೆ.

"ಹಳೇ ಕೊಬ್ಬು ಹೇಗೆ ನಾರುತ್ತಿತ್ತೋ ಅಂತ. ಏನೂ ಬರಲ್ಲ."

ದಿನ 2, ಭಾನುವಾರ: ಬಿಳಿ ಮುಖ, ಕರಿ ಹಲ್ಲು

ಬೆಳಿಗ್ಗೆ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ. ಮೊದಲನೇ ಎಲಿಜಬೆತ್ ರಾಣಿಯ ಒಂದು ಚಿತ್ರವಿದೆ, ಸುಮಾರು 1575ರದು, ಡಾರ್ನ್ಲಿ ಚಿತ್ರ ಎನ್ನುತ್ತಾರೆ. ಸುಣ್ಣ ಬಳಿದಂತೆ ಬಿಳಿಚಿದ ಮುಖ. ಸೀಸದ ಬಿಳಿ ಬಳಿದುಕೊಂಡ ರಾಣಿ ಎಂಬ ಕತೆಗೆ ಇದನ್ನೇ ಸಾಕ್ಷಿ ಹೇಳುತ್ತಿದ್ದೆ ನಾನು. ಆದರೆ ಗ್ಯಾಲರಿಯವರೇ ಈ ಚಿತ್ರವನ್ನು ಪರೀಕ್ಷೆ ಮಾಡಿದಾಗ ಬೇರೆಯದೇ ಹೊರಬಿತ್ತು. ಕಲಾವಿದ ಕೆನ್ನೆಗೆ ಕೆಂಪು ಹಾಕಿದ್ದನಂತೆ. ಆ ಕೆಂಪು ಬೆಳಕಿಗೆ ಹಾರಿಹೋಗಿದೆ. ರಾಣಿ ಬಿಳಿಚಿಕೊಂಡದ್ದು ಸತ್ತ ಮೇಲೆ! ಅವಳ ಮೇಕಪ್ಪಿನ ಬಗ್ಗೆ ಓಡಾಡುವ ಮಾತುಗಳಲ್ಲಿ ನಂತರದವರು ಕಟ್ಟಿದ್ದೇ ಜಾಸ್ತಿ ಎಂದು ನನಗೀಗ ಅನುಮಾನ.

ಸೀಸದ ಬಿಳಿಯಂತೂ ಕಟ್ಟುಕತೆಯಲ್ಲ. ವೆನಿಸ್ಸಿನ ಹೆಸರಿನಲ್ಲಿ ಯುರೋಪಿನ ತುಂಬ ಮಾರಾಟವಾಗುತ್ತಿತ್ತು. ಮಾಡುವ ಬಗೆ ಕೇಳಿ: ಮಡಕೆಯಲ್ಲಿ ವಿನೆಗರ್, ಅದರ ಮೇಲೆ ಸೀಸದ ಸುರುಳಿ, ಸುತ್ತ ಕುದುರೆ ಲದ್ದಿ. ಲದ್ದಿ ಕೊಳೆಯುವಾಗ ಬಿಸಿ ಹುಟ್ಟುತ್ತದೆ, ಗಾಳಿಗೆ ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಕೆಲವು ವಾರದಲ್ಲಿ ಸೀಸದ ಮೇಲೆ ಬಿಳಿ ಹಿಟ್ಟು ಕಟ್ಟುತ್ತದೆ. ಅದನ್ನು ಕೆರೆದು, ತೊಳೆದು, ಒಣಗಿಸಿ, ಚೆಂದದ ಡಬ್ಬಿಗೆ ತುಂಬಿದರೆ ದೊರೆಸಾನಿಯ ಮುಖಕ್ಕೆ ಸಿದ್ಧ. ಮರಿಯಾ ಗನ್ನಿಂಗ್ ಎಂಬ ಹೆಸರಾಂತ ಸುಂದರಿ 1760ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡಳು. ಆಗಿನವರೇ ಮೇಕಪ್ಪಿನ ಮೇಲೆ ತಪ್ಪು ಹೊರಿಸಿದ್ದರು.

ಮಧ್ಯಾಹ್ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಇಲ್ಲಿ ಕಾಲು ಸೋಲುತ್ತದೆ, ಕಣ್ಣು ಸೋಲುವುದಿಲ್ಲ. ಜಪಾನಿನ ವಿಭಾಗದಲ್ಲಿ ಅಕ್ಕನ ಪಾಠ ಶುರುವಾಯಿತು. ಅಲ್ಲಿ ಮದುವೆಯಾದ ಹೆಂಗಸರು ಹಲ್ಲಿಗೆ ಕಪ್ಪು ಹಚ್ಚುತ್ತಿದ್ದರು. ಒಂದು ಕಾಲದಲ್ಲಿ ಆಸ್ಥಾನದ ಗಂಡಸರೂ ಹಚ್ಚಿದ್ದುಂಟು. ಹೆಸರು ಒಹಗುರೋ. ಕಬ್ಬಿಣದ ಚೂರುಗಳನ್ನು ವಿನೆಗರಿನಂಥ ಹುಳಿಯಲ್ಲಿ ನೆನೆಹಾಕಿ ಕೊಳೆಸುವುದು, ಆ ನೀರಿಗೆ ಒಗರಿನ ಗಂಟುಕಾಯಿ ಪುಡಿ ಸೇರಿಸಿ ಹಲ್ಲಿಗೆ ತಿಕ್ಕುವುದು. "ಹಳೇ ಕಾಲದ ಶಾಯಿ ಕೂಡ ಇದೇ ಕಣೇ, ಕಬ್ಬಿಣ ಮತ್ತು ಒಗರು," ಎಂದಳು. ಹಲ್ಲು ಹುಳುಕಾಗದಂತೆ ಅದು ಕಾಯುತ್ತಿತ್ತು ಎಂಬುದು ನಿಜವೇ. ಆದರೆ ಆ ನೀರಿನ ದುರ್ವಾಸನೆಗೆ ಹೆದರದವರು ಇರಲಿಲ್ಲವಂತೆ. 1870ರಲ್ಲಿ ಸರ್ಕಾರ ಶ್ರೀಮಂತ ಮನೆತನಗಳಿಗೆ ಅದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡಳು. ಅಲ್ಲಿಂದ ಕಪ್ಪಿನ ಕಾಲ ಮುಗಿಯುತ್ತ ಬಂತು.

ಯುರೋಪಿನ ಉಡುಪುಗಳ ಕಡೆ ಬಂದಾಗ ಒಂದು ಹಸಿರು ಗೌನಿನ ಮುಂದೆ ನಿಂತೆವು. ಇದು ಯಾವ ಹಸಿರು ಎಂದು ನೋಡಿದರೆ ಹೇಳಲಾಗದು. ಆದರೆ 19ನೇ ಶತಮಾನದ ಹಸಿರು ಎಂದರೆ ಕೈ ಹಿಂದಕ್ಕೆ ಹೋಗುತ್ತದೆ. 1775ರಲ್ಲಿ ಶೀಲೆ ಎಂಬ ವಿಜ್ಞಾನಿ ತಾಮ್ರಕ್ಕೆ ಆರ್ಸೆನಿಕ್ ಸೇರಿಸಿ ಮೊದಲ ಇಂಥ ಹಸಿರು ಮಾಡಿದ. ಮುಂದೆ ಇನ್ನೂ ಹೊಳೆಯುವ ಹಸಿರು ಬಂತು. ಗೋಡೆಯ ಕಾಗದ, ಗೌನು, ತಲೆಗೆ ಮುಡಿಯುವ ಬಟ್ಟೆಯ ಎಲೆ, ಎಲ್ಲದಕ್ಕೂ ಅದೇ. ಮಟಿಲ್ಡಾ ಷೂರರ್ ಎಂಬ 19ರ ಹುಡುಗಿ ಲಂಡನ್ನಿನಲ್ಲಿ ಬಟ್ಟೆಯ ಎಲೆಗಳಿಗೆ ಆ ಪುಡಿ ಉದುರಿಸುವ ಕೆಲಸ ಮಾಡುತ್ತಿದ್ದಳು. 1861ರಲ್ಲಿ ಸತ್ತಳು. ಕಂಡದ್ದೆಲ್ಲ ಹಸಿರಾಗಿ ಕಾಣುತ್ತದೆ ಎಂದು ವೈದ್ಯರಿಗೆ ಹೇಳಿದ್ದಳು. ಗೌನು ಹಾಕಿದವಳ ಹೆಸರು ಫಲಕದಲ್ಲಿ ಇರುತ್ತದೆ. ಎಲೆ ಮಾಡಿದವಳ ಹೆಸರು ಸಾವಿನ ವಿಚಾರಣೆಯಲ್ಲಿ ಮಾತ್ರ.

ದಿನ 3, ಸೋಮವಾರ: ಕೇಬಲ್ ಸ್ಟ್ರೀಟ್

ಮಳೆ. ಪೂರ್ವ ಲಂಡನ್ನಿನ ಕೇಬಲ್ ಸ್ಟ್ರೀಟಿನಲ್ಲಿ ಕೊಡೆ ಹಿಡಿದುಕೊಂಡು ಒಂದು ಫಲಕ ಹುಡುಕಿದೆವು. ಮನೆ ಈಗಿಲ್ಲ, ಫಲಕ ಇದೆ. ವಿಲಿಯಂ ಹೆನ್ರಿ ಪರ್ಕಿನ್ 1856ರಲ್ಲಿ ಇಲ್ಲಿ ಮೊದಲ ಅನಿಲಿನ್ ಬಣ್ಣ ಕಂಡುಹಿಡಿದ ಎಂಬ ಅರ್ಥದ ನಾಲ್ಕು ಸಾಲು. ನೋಡುವುದಕ್ಕೆ ಬೇರೇನೂ ಇಲ್ಲ. ಆದರೂ ಇಡೀ ಪ್ರವಾಸದಲ್ಲಿ ಅಕ್ಕ ಫೋಟೋ ತೆಗೆಸಿಕೊಂಡದ್ದು ಇದೊಂದೇ ಕಡೆ.

ಪರ್ಕಿನ್‌ಗೆ ಆಗ 18 ವರ್ಷ. ಈಸ್ಟರ್ ರಜೆ. ಅವನು ಮಾಡಲು ಹೊರಟದ್ದು ಮಲೇರಿಯಾದ ಔಷಧಿ ಕ್ವಿನೈನ್. ಅವನ ಗುರು ಹಾಫ್‌ಮನ್ ಆ ಆಸೆ ಹುಟ್ಟಿಸಿದ್ದರು. ಕಲ್ಲಿದ್ದಲಿನ ಡಾಂಬರಿನಿಂದ ಬರುವ ಅನಿಲಿನ್ ತೆಗೆದುಕೊಂಡು ಮನೆಯ ಮೇಲಿನ ಕೋಣೆಯಲ್ಲಿ ಪ್ರಯೋಗ ಮಾಡಿದ. ಸಿಕ್ಕಿದ್ದು ಕಪ್ಪು ರೊಜ್ಜು. ಬೇರೆ ಯಾರಾದರೂ ಚೆಲ್ಲುತ್ತಿದ್ದರು. ಇವನು ತೊಳೆಯಲು ಆಲ್ಕೋಹಾಲ್ ಹಾಕಿದ, ಅದು ನೇರಳೆಯಾಯಿತು. ರೇಷ್ಮೆಯ ಚೂರು ಅದ್ದಿದ, ಬಣ್ಣ ನಿಂತಿತು. ಮರುವರ್ಷವೇ ಕಾರ್ಖಾನೆ. 1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ನೇರಳೆ ಉಟ್ಟಳು. ಆಮೇಲೆ ಊರಿಗೂರೇ ನೇರಳೆ. ಅದು ದಡಾರದ ಥರ ಹರಡುತ್ತಿದೆ ಎಂದು ಪತ್ರಿಕೆಗಳು ಲೇವಡಿ ಮಾಡಿದವು.

"ಅನಿಲಿನ್ ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಾ?" ಅಕ್ಕ ಕೇಳಿದಳು. ಗೊತ್ತಿಲ್ಲ ಎಂದೆ. ಮೊದಲು ಅದನ್ನು ತೆಗೆದದ್ದು ನೀಲಿ ಗಿಡದ ಬಣ್ಣವನ್ನು ಭಟ್ಟಿ ಇಳಿಸಿ. ಪೋರ್ಚುಗೀಸರು ಆ ಬಣ್ಣಕ್ಕೆ ಅನಿಲ್ ಎನ್ನುತ್ತಿದ್ದರು. ಅವರಿಗದು ಅರಬ್ಬರ ಅನ್ನೀಲ್‌ನಿಂದ ಬಂತು. ಅರಬ್ಬರಿಗೆ ಸಂಸ್ಕೃತದ ನೀಲಿಯಿಂದ. ನಾವು ದಿನಾ ಬಾಯಲ್ಲಿ ಆಡುವ ನೀಲಿಯೇ! ಡಾಂಬರಿನ ಬಣ್ಣದ ಹೆಸರಿನೊಳಗೆ ನಮ್ಮ ಪದವೊಂದು ಕೂತಿದೆ. ಆ ಮಳೆಯಲ್ಲೂ ನನಗೆ ಖುಷಿಯಾಯಿತು.

ದಿನ 4, ಮಂಗಳವಾರ: ಪ್ಯಾರಿಸ್, ಮುಚ್ಚಿದ ಬಾಗಿಲು

ರೈಲಿನಲ್ಲಿ ಎದುರಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಹುಡುಗಿಯದು ಗುಲಾಬಿ ಚೀಲ, ಹುಡುಗನದು ನೀಲಿ. 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು ಗುಲಾಬಿ ಗಟ್ಟಿ ಬಣ್ಣ, ಹಾಗಾಗಿ ಹುಡುಗರಿಗೆ, ನೀಲಿ ಮೃದು, ಅದು ಹುಡುಗಿಯರಿಗೆ ಎಂದು ಬರೆದಿತ್ತು. ಮಕ್ಕಳ ಅಪ್ಪನಿಗೆ ಹೇಳೋಣ ಎನಿಸಿತು. ಸುಮ್ನೆ ಕೂತೆ.

ಅಕ್ಕ ತನ್ನ ಲಿಪ್‌ಸ್ಟಿಕ್‌ನ ಡಬ್ಬಿಯ ಮೇಲಿದ್ದ ಇರುವೆ ಗಾತ್ರದ ಅಕ್ಷರ ಓದುತ್ತಿದ್ದಳು. "ಸಿಐ 75470. ನೋಡೇ, ಹುಳ." ಕೊಚಿನಿಯಲ್ ಹುಳದ ಕೆಂಪಿಗೆ ಆ ಸಂಖ್ಯೆ. ಮೆಕ್ಸಿಕೊದ ಪಾಪಾಸುಕಳ್ಳಿಯ ಮೇಲೆ ಬೂದಿ ಚೆಲ್ಲಿದಂತೆ ಕೂತಿರುತ್ತದೆ. ಹೆಣ್ಣು ಹುಳ ಮಾತ್ರ ಬೇಕು. ಕೆರೆದು, ಒಣಗಿಸಿ, ಅರೆಯಬೇಕು. ಒಂದು ಪೌಂಡಿಗೆ ಸುಮಾರು 70000 ಹುಳ. ಸ್ಪೇನಿನವರು ಮೆಕ್ಸಿಕೊವನ್ನು ಗೆದ್ದ ಮೇಲೆ ಬೆಳ್ಳಿ ಬಿಟ್ಟರೆ ಅವರಿಗೆ ಅಲ್ಲಿಂದ ಹೆಚ್ಚು ಹಣ ತಂದದ್ದು ಇದೇ. ಗುಟ್ಟು ಎಷ್ಟು ಬಿಗಿಯಾಗಿತ್ತು ಎಂದರೆ, ಇದು ಬೀಜವೋ ಹುಳವೋ ಎಂದು ಯುರೋಪಿನವರು ತಲೆಮಾರುಗಟ್ಟಲೆ ಜಗಳವಾಡಿದರು. 1777ರಲ್ಲಿ ಥಿಯೆರಿ ಎಂಬ ಫ್ರೆಂಚ್ ಗಿಡತಜ್ಞ ಓಹಾಕಾ ಸೀಮೆಗೆ ನುಸುಳಿ ಹುಳ ಕೂತಿದ್ದ ಕಳ್ಳಿಯನ್ನು ಕದ್ದು ತಂದ. ಮೂರು ವರ್ಷದಲ್ಲಿ ಅವನು ಸತ್ತ. ಸಾಕಿದ ಹುಳಗಳೂ ಹೆಚ್ಚು ದಿನ ಬಾಳಲಿಲ್ಲ.

"ಹಚ್ಕೊಳ್ತೀಯಾ ಇನ್ನು?" ಎಂದೆ.

"ಹಚ್ಕೊಳ್ದೆ? ಸೀಸಕ್ಕಿಂತ ಹುಳ ಎಷ್ಟೋ ವಾಸಿ."

ಪ್ಯಾರಿಸ್ಸಿನಲ್ಲಿ ಇಳಿದು, ಸಾಮಾನು ಎಸೆದು, ನೇರ ಲೂವ್ರ್‌ಗೆ ಓಡಿದೆವು. ಬಾಗಿಲು ಹಾಕಿತ್ತು. ಮಂಗಳವಾರ ಅಲ್ಲಿ ರಜೆ. ಈ ಮಾತು ಎಲ್ಲ ಕಡೆ ಬರೆದಿರುತ್ತದೆ, ನಾನು ನೋಡಿರಲಿಲ್ಲ. ಅಕ್ಕ ಹತ್ತು ನಿಮಿಷ ಮಾತಾಡಲಿಲ್ಲ.

ಕ್ಲೂನಿ ಮ್ಯೂಸಿಯಂ ತೆರೆದಿತ್ತು. ಅಲ್ಲಿ ಸುಮಾರು 1500ರಲ್ಲಿ ನೇಯ್ದ ಆರು ದೊಡ್ಡ ಚಿತ್ರಪರದೆಗಳಿವೆ. ಹೆಂಗಸು, ಒಂಟಿಕೊಂಬಿನ ಕುದುರೆ, ಸಿಂಹ, ಹಿನ್ನೆಲೆಯಲ್ಲಿ ಕೆಂಪೋ ಕೆಂಪು. ಮಂಜಿಷ್ಠದ ಬೇರಿನ ಕೆಂಪು. ಪಟಕದ ನೀರಿನಲ್ಲಿ ನೂಲು ಅದ್ದದಿದ್ದರೆ ಈ ಬಣ್ಣ ಹಿಡಿಯುವುದಿಲ್ಲ. ಹೀಗೆ ಬಣ್ಣ ಹಿಡಿಸುವ ಪದಾರ್ಥಕ್ಕೆ ಫ್ರೆಂಚರು 'ಕಚ್ಚುವಂಥದ್ದು' ಎಂಬ ಹೆಸರಿಟ್ಟಿದ್ದಾರೆ. ನಾವೂ ಕಲೆ ಕಚ್ಚಿಕೊಂಡಿದೆ ಎನ್ನುತ್ತೇವಲ್ಲ, ಹಾಗೆ. ಪರದೆಗಳ ಕೆಳಅಂಚು ಮಾತ್ರ ಪೇಲವ. ತೇವಕ್ಕೆ ಹಾಳಾದ ಆ ಭಾಗವನ್ನು 19ನೇ ಶತಮಾನದಲ್ಲಿ ಹೊಸ ನೂಲಿನಲ್ಲಿ ನೇಯ್ದರು. ಹೊಸದು ಮಂಕಾಯಿತು. ಹಳೆಯದು ಹಾಗೇ ಉರಿಯುತ್ತಿದೆ. ನೆಲದ ಮೇಲೆ ಕೂತು ಒಂದು ಗಂಟೆ ನೋಡಿದೆವು. ಲೂವ್ರ್ ಮುಚ್ಚಿದ್ದೇ ಒಳ್ಳೆಯದಾಯಿತು ಅಲ್ವಾ ಎಂದೆ. ಅಕ್ಕ ಒಪ್ಪಲಿಲ್ಲ.

ಸಂಜೆ ಗೋಬ್ಲಾ ಬಡಾವಣೆಯಲ್ಲಿ ಸುಮ್ಮನೆ ನಡೆದೆವು. 15ನೇ ಶತಮಾನದಲ್ಲಿ ಕಡುಗೆಂಪಿಗೆ ಹೆಸರಾದ ಬಣ್ಣಗಾರರ ಮನೆತನದ ಹೆಸರು ಅದು. ಬಿಯೆವ್ರ್ ಎಂಬ ಹೊಳೆಯ ದಂಡೆಯಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದರು. ಹೊಳೆ ಈಗ ಕಾಣುವುದಿಲ್ಲ. ಬಣ್ಣದವರು, ಚರ್ಮ ಹದ ಮಾಡುವವರು ಎಲ್ಲ ಸೇರಿ ಅದನ್ನು ಚರಂಡಿ ಮಾಡಿದರು. ನಾತ ತಡೆಯಲಾರದೆ ಊರು ಅದನ್ನು ರಸ್ತೆಯಡಿಗೆ ಹಾಕಿ ಮುಚ್ಚಿತು.

ದಿನ 5, ಬುಧವಾರ: ಲೂವ್ರ್

ಹದಿನಾಲ್ಕನೇ ಲೂಯಿಯ ದೊಡ್ಡ ಚಿತ್ರ, ರಿಗೋ ಬರೆದದ್ದು, 1701. ಎಲ್ಲರೂ ನಿಲುವಂಗಿ ನೋಡುತ್ತಾರೆ. ನೀವು ಪಾದ ನೋಡಿ. ಬಿಳಿ ಬೂಟಿಗೆ ಕೆಂಪು ಹಿಮ್ಮಡಿ. ಆ ಹಿಮ್ಮಡಿ ಆಸ್ಥಾನದ ಗಂಡಸರ ಗುರುತು. ಕೆನ್ನೆಗೆ ರೂಜ್ ಕೂಡ ಅವರಿಗೆ ಮುಜುಗರದ ವಿಷಯವಾಗಿರಲಿಲ್ಲ.

ಇನ್ನೊಂದು ಕೋಣೆಯಲ್ಲಿ ಸುಜೆ ಎಂಬ ಕ್ರೈಸ್ತ ಮಠಾಧೀಶನ ಹದ್ದು. ಹಳೆಯ ನೇರಳೆಗೆಂಪು ಕಲ್ಲಿನ ಹೂಜಿಗೆ 12ನೇ ಶತಮಾನದಲ್ಲಿ ಬೆಳ್ಳಿಯ ತಲೆ, ರೆಕ್ಕೆ ಜೋಡಿಸಿದ್ದಾರೆ. ಆ ಕಲ್ಲಿನ ಹೆಸರು ಪಾರ್ಫಿರಿ, ಅಂದರೆ ನೇರಳೆಗೆಂಪಿನದು. ರೋಮಿನ ಚಕ್ರವರ್ತಿಗಳ ಬಟ್ಟೆಯ ಬಣ್ಣವದು. ಬಟ್ಟೆ ಉಳಿಯಲಿಲ್ಲ, ಕಲ್ಲು ಉಳಿಯಿತು. ಬಣ್ಣ ಬರುತ್ತಿದ್ದದ್ದು ಮ್ಯೂರೆಕ್ಸ್ ಎಂಬ ಕಡಲ ಬಸವನಹುಳದಿಂದ. ಈಗಿನ ಲೆಬನಾನಿನ ಟೈರ್, ಸೈಡನ್ ಊರುಗಳು ಇದರಿಂದಲೇ ಸಿರಿವಂತವಾದವು. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ವಿಜ್ಞಾನಿ 12000 ಹುಳ ತೆಗೆದುಕೊಂಡು ಬಣ್ಣ ಬೇರ್ಪಡಿಸಿದ. ಸಿಕ್ಕಿದ್ದು 1.4 ಗ್ರಾಂ. ಅಷ್ಟು ಹುಳ ಕೊಳೆಯುವ ಊರಿನ ಗಾಳಿ ಹೇಗಿರಬೇಕು? ಬಣ್ಣದ ಕೊಪ್ಪರಿಗೆಗಳನ್ನು ಊರಿನ ಅಂಚಿಗೆ ಇಡುತ್ತಿದ್ದರು. ಬಟ್ಟೆಗೂ ಆ ನಾತ ಅಂಟಿರುತ್ತಿತ್ತು. 301ರಲ್ಲಿ ಡಯೋಕ್ಲೀಷಿಯನ್ ಹೊರಡಿಸಿದ ದರಪಟ್ಟಿಯಲ್ಲಿ ಈ ಬಣ್ಣದ ಒಂದು ಪೌಂಡ್ ರೇಷ್ಮೆಗೆ 150000 ದಿನಾರಿ. ನಾರುವ ಬಟ್ಟೆಗೆ!

ಕಾನ್‌ಸ್ಟಾಂಟಿನೋಪಲ್ 1453ರಲ್ಲಿ ಬಿದ್ದ ಮೇಲೆ ಈ ಬಣ್ಣದ ಕಸುಬೂ ನಿಂತಿತು. 1464ರಲ್ಲಿ ಪೋಪ್ ಎರಡನೇ ಪೌಲ್ ತನ್ನ ಹಿರಿಯ ಪಾದ್ರಿಗಳಾದ ಕಾರ್ಡಿನಲ್‌ಗಳಿಗೆ ಕೆರ್ಮಿಸ್ ಎಂಬ ಬೇರೊಂದು ಹುಳದ ಕೆಂಪನ್ನೇ ಗೊತ್ತುಮಾಡಿದ. ಅಲ್ಲಿಂದ ಅವರು ಕೆಂಪು.

ಈಜಿಪ್ಟಿನ ಕಾಡಿಗೆ ಮತ್ತೆ ಎದುರಾಯಿತು. ಇಲ್ಲಿನ ಕುಡಿಕೆಗಳಲ್ಲಿ ಉಳಿದಿದ್ದ ಪುಡಿಯನ್ನು ಫ್ರೆಂಚ್ ವಿಜ್ಞಾನಿಗಳು ಪರೀಕ್ಷಿಸಿದ್ದರು. ನೆಲದಲ್ಲಿ ಅಷ್ಟಾಗಿ ಸಿಗದ ಎರಡು ಸೀಸದ ಲವಣ ಅದರಲ್ಲಿದ್ದವು. ಅಂದರೆ ಯಾರೋ ಬೇಕೆಂದೇ ತಯಾರಿಸಿದ್ದರು. ಸೀಸದ ಭಸ್ಮಕ್ಕೆ ಉಪ್ಪುನೀರು ಹಾಕಿ, ದಿನಾ ನೀರು ಬದಲಿಸಿ, ವಾರಗಟ್ಟಲೆ ಕಾಯುವ ಕೆಲಸ. 2010ರಲ್ಲಿ ಇನ್ನೊಂದು ಪರೀಕ್ಷೆ: ಇಂಥ ಲವಣದಿಂದ ಬಿಡುಗಡೆಯಾಗುವ ಅತಿ ಸಣ್ಣ ಪ್ರಮಾಣದ ಸೀಸ ಚರ್ಮದ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ಅದು ರೋಗ ತಡೆಯುವ ಶಕ್ತಿಯನ್ನು ಎಚ್ಚರಿಸುತ್ತದೆ. ಕಾಡಿಗೆ ಕಣ್ಣಿಗೆ ಮದ್ದು ಎಂದು ಅವರು ಹೇಳುತ್ತಿದ್ದದ್ದು ಪೂರಾ ಮೂಢನಂಬಿಕೆಯಲ್ಲ.

"ಹಾಗಂತ ಸೀಸ ಹಚ್ಕೊಳ್ಳೋಕೆ ಹೋಗಬೇಡ," ಎಂದಳು ಅಕ್ಕ. ಮೂವತ್ತು ವರ್ಷದ ಟೀಚರ್ ಗಂಟಲು. ಪಕ್ಕದಲ್ಲಿದ್ದವರೂ ತಿರುಗಿ ನೋಡಿದರು.

ದಿನ 6, ಗುರುವಾರ: ತುಲೂಸ್

ದಿನವೆಲ್ಲ ರೈಲು. ಸಂಜೆ ಇಟ್ಟಿಗೆ ಬಣ್ಣದ ಊರು. ನಿದ್ದೆ.

ದಿನ 7, ಶುಕ್ರವಾರ: ಬಾನಿಯೊಳಗೆ

ತುಲೂಸ್ ನೀಲಿಯಿಂದ ಕಟ್ಟಿದ ಕೆಂಪು ಊರು. ವೋಡ್ ಎಂಬ ಹಳದಿ ಹೂವಿನ ಗಿಡ ಇಲ್ಲಿ ಬೆಳೆಯುತ್ತಿತ್ತು, ಇಲ್ಲಿನವರು ಅದನ್ನು ಪಾಸ್ತೆಲ್ ಎನ್ನುತ್ತಾರೆ. ಎಲೆಯನ್ನು ಅರೆದು, ಕೈಯಲ್ಲಿ ಉಂಡೆ ಕಟ್ಟಿ ಒಣಗಿಸುತ್ತಿದ್ದರು. ಆ ಉಂಡೆಗೆ ಕೊಕಾನ್ ಎಂದು ಹೆಸರು. ಫ್ರೆಂಚಿನಲ್ಲಿ ಹಾಲು ಜೇನು ಹರಿಯುವ ನಾಡಿಗೂ ಕೊಕಾನ್ ನಾಡು ಎನ್ನುತ್ತಾರೆ. ಎರಡನ್ನೂ ಸೇರಿಸಿ ಕತೆ ಹೇಳುವುದು ಈ ಸೀಮೆಯವರಿಗೆ ಇಷ್ಟ. 15ನೇ ಶತಮಾನದ ನಡುವಿನಿಂದ ನೂರು ವರ್ಷ ಇಲ್ಲಿ ಹಣದ ಮಳೆ. ಅಸೇಝಾ ಎಂಬ ವ್ಯಾಪಾರಿಯ ಅರಮನೆಯಂಥ ಮನೆ ನೋಡಿದೆವು, 1555ರಲ್ಲಿ ಶುರುಮಾಡಿದ್ದು. ಬೆರ್ನುಯಿ ಎಂಬ ಇನ್ನೊಬ್ಬ ನೀಲಿ ವ್ಯಾಪಾರಿಯಂತೂ ರಾಜನಿಗೇ ಜಾಮೀನು ನಿಂತವನು. 1525ರಲ್ಲಿ ಪವಿಯಾ ಯುದ್ಧದಲ್ಲಿ ಸೆರೆಸಿಕ್ಕ ಒಂದನೇ ಫ್ರಾನ್ಸಿಸ್‌ನನ್ನು ಬಿಡಿಸುವ ಹಣಕ್ಕೆ ಅವನ ಜಾಮೀನಿತ್ತು. ಅವನ ಮನೆ ಈಗ ಶಾಲೆ.

ಆಮೇಲೆ ಹಡಗಿನಲ್ಲಿ ಇಂಡಿಗೋ, ಅಂದರೆ ನಮ್ಮ ನೀಲಿ ಗಿಡದ ಬಣ್ಣ, ಬಂತು. ಬಣ್ಣದ ಅಣು ಎರಡರಲ್ಲೂ ಒಂದೇ, ಆದರೆ ಬಂದವನಲ್ಲಿ ಅದು ಬಹಳ ಜಾಸ್ತಿ. ಜರ್ಮನಿಯಲ್ಲಿ ಅದನ್ನು ಸೈತಾನನ ಬಣ್ಣ ಎಂದರು. 1609ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿ, ಇಂಡಿಗೋ ಬಳಸಿದವರಿಗೆ ಮರಣದಂಡನೆ ಎಂದ. ಅದೂ ಉಪಯೋಗಕ್ಕೆ ಬರಲಿಲ್ಲ. ಇಂಡಿಗೋ ಗೆದ್ದಿತು. ಅದನ್ನು ಸೋಲಿಸಿದ್ದು 1897ರಲ್ಲಿ ಮಾರುಕಟ್ಟೆಗೆ ಬಂದ ಬಿಎಎಸ್ಎಫ್ ಕಂಪನಿಯ ಕಾರ್ಖಾನೆ ನೀಲಿ.

ಮಧ್ಯಾಹ್ನ ಊರ ಹೊರಗೆ ಒಂದು ಸಣ್ಣ ಕಾರ್ಯಾಗಾರ. ಹಚ್ಚ ಹಸಿರು ನೊರೆ ಕಟ್ಟಿದ ಬಾನಿ. ಹತ್ತಿರ ಹೋದದ್ದೇ ತಡ, ಮೂಗಿಗೆ ಬಡಿಯಿತು. ಹಿಂದೆ ಇದಕ್ಕೆ ಹುಳಿಸಿದ ಮೂತ್ರ ಹಾಕುತ್ತಿದ್ದರು. ಈಗ ಬೇರೆ ರಾಸಾಯನಿಕ, ಆದರೂ ಕೊಳೆತ ಮೊಟ್ಟೆಯ ನಾತ. ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿ, ಅದೇ ಬಿಳಿಚಿದ ಮುಖದವಳು, ತನ್ನ ಅರಮನೆಗಳ ಹತ್ತಿರ ವೋಡ್ ಕೆಲಸ ಮಾಡಬಾರದು ಎಂದು ಅಪ್ಪಣೆ ಹೊರಡಿಸಿದ್ದಳು. ಯಾಕೆಂದು ಈಗ ತಿಳಿಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಕ್ಕ ಬಾನಿಯ ಮೇಲೆ ಬಾಗಿ ಉಸಿರೆಳೆದುಕೊಂಡಳು, ಹಬ್ಬದ ಅಡುಗೆಮನೆಗೆ ಹೋದವಳಂತೆ.

"ಏಳು ದಿನದಿಂದ ಇದಕ್ಕೇ ಕಾಯ್ತಿದ್ದೆ ಕಣೇ."

ಕೈಗವಸು ಕೊಟ್ಟರು. ಬಿಳಿ ಕರವಸ್ತ್ರ ಒದ್ದೆ ಮಾಡಿ ಮೆಲ್ಲಗೆ ಮುಳುಗಿಸಿದೆ. ಗಾಳಿಗುಳ್ಳೆ ಏಳಬಾರದು. ನೀಲಿ ನೀರಿನಲ್ಲಿ ಕರಗುವುದಿಲ್ಲ. ಅದರ ಆಮ್ಲಜನಕದ ಸಂಗ ತಪ್ಪಿಸಿದರೆ ಹಳದಿಯಾಗಿ ಕರಗುತ್ತದೆ, ನೂಲಿನೊಳಗೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಎತ್ತಿದೆ. ಹಳದಿ. ಎಳೆ ನಿಂಬೆ ಬಣ್ಣ. ತಪ್ಪು ಮಾಡಿದೆನೇನೋ ಎಂದುಕೊಳ್ಳುವಷ್ಟರಲ್ಲಿ ಅಂಚಿಗೆ ಹಸಿರು ಹತ್ತಿತು. ಹಸಿರು ನಡುವಿಗೆ ಬಂತು. ಅಂಚು ಆಗಲೇ ನೀಲಿಗೆ ತಿರುಗುತ್ತಿತ್ತು. ಯಾರೂ ಮುಟ್ಟುತ್ತಿಲ್ಲ, ಬರೀ ಗಾಳಿ. ಇದೆಲ್ಲ ಯಾಕೆ ಆಗುತ್ತದೆ ಎಂದು ಅಕ್ಕನಿಗೆ ಪೂರಾ ಗೊತ್ತು. ಆದರೂ ಅವಳು ಬಾಯಿಬಿಟ್ಟುಕೊಂಡು ನಿಂತಿದ್ದಳು.

ಅವಳು ಕೈಗವಸು ತೆಗೆದುಬಿಟ್ಟಿದ್ದಳು, ಹೇಳಿದರೂ ಕೇಳದೆ. ಉಗುರೆಲ್ಲ ನೀಲಿ. ರಾತ್ರಿ ಸೋಪು, ನಿಂಬೆಹುಳಿ, ಹಲ್ಲುಜ್ಜುವ ಪೇಸ್ಟು ಎಲ್ಲ ಹಾಕಿ ತಿಕ್ಕಿದಳು. ಹೋಗಲಿಲ್ಲ. ಕರವಸ್ತ್ರವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಇಟ್ಟೆವು. ಮಾರನೇ ದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸೂಟ್‌ಕೇಸ್ ತೆರೆಸಿದ ಹುಡುಗಿ ಚೀಲ ಬಿಚ್ಚಿದಳು, ಮೂಗು ಮುಚ್ಚಿಕೊಂಡಳು, ನಮ್ಮಿಬ್ಬರನ್ನೂ ನೋಡಿದಳು. ಅಕ್ಕ ತನ್ನ ಹತ್ತು ನೀಲಿ ಉಗುರು ಎತ್ತಿ ತೋರಿಸಿದಳು.